ದಾಸೋಹಕ್ಕೆ ಡಂಗುರವೇಕೆ?

ಹನ್ನೆರಡನೆಯ ಶತಮಾನದ ಶರಣರು ಈ ನಾಡಿಗೆ ಕೊಟ್ಟ ಮಾತುಗಳಲ್ಲಿ ‘ದಾಸೋಹ’ ಎಂಬುದು ಅತ್ಯಂತ ಹಿರಿದಾದುದು. ದಾನವೂ ದಾಸೋಹವೂ ಒಂದೇ ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಎರಡಕ್ಕೂ ಬಹಳ ಅಂತರವುಂಟು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ, ಪಡೆಯುವವನು ಜಂಗಮಸ್ವರೂಪಿ. ಈ ಅಂತರವನ್ನು ಮರೆತ ಕಾರಣದಿಂದಲೇ ಇಂದಿನ ಹಬ್ಬ-ಜಾತ್ರೆಗಳಲ್ಲಿ ಕೊಡುಗೆಗಿಂತ ಕೊಟ್ಟವರ ಹೆಸರು ದೊಡ್ಡದಾಗಿದೆ, ಭಜನೆಗಿಂತ ಧ್ವನಿವರ್ಧಕ ದೊಡ್ಡದಾಗಿದೆ.

ರಾಮದುರ್ಗ ತಾಲ್ಲೂಕಿನ ಸುರೇಬಾನದ ಸಮೀಪದಲ್ಲಿ ಶಬರಿಕೊಳ್ಳವಿದೆ. ಶಬರಿಯು ರಾಮನಿಗಾಗಿ ಕಾದಿದ್ದ ತಾಣ ಇದೇ ಎಂಬುದು ಈ ಸೀಮೆಯ ಜನರ ನಂಬಿಕೆ. ವಾಲ್ಮೀಕಿಯ ಕಾವ್ಯದಲ್ಲಿ ಆಕೆ ಕಾಡಿನಲ್ಲಿ ದೊರೆತುದನ್ನು ಕೂಡಿಟ್ಟು ಅತಿಥಿಗೆ ಅರ್ಪಿಸುತ್ತಾಳೆ. ಕಚ್ಚಿ ರುಚಿ ನೋಡಿದ ಬೋರೆಹಣ್ಣಿನ ಕಥೆ ಮುಂದಿನ ಕಾಲದ ಭಕ್ತರು ಪ್ರೀತಿಯಿಂದ ಬೆಳೆಸಿದ್ದು. ಹೇಗೆ ಹೇಳಿದರೂ ಆ ಕೊಡುಗೆಗೆ ಪಡೆದವರ ಹೊರತು ಬೇರೆ ಸಾಕ್ಷಿಯಿಲ್ಲ. ಹೆಸರು ಕೂಗಿದವರಿಲ್ಲ, ಹಾರ ಹಾಕಿದವರಿಲ್ಲ. ಆದರೂ ಆ ಹಣ್ಣಿನ ನೆನಪು ಅಳಿದಿಲ್ಲ.

ಇಂಥ ನೆನಪನ್ನು ಹೊತ್ತ ಉತ್ತರ ಕರ್ನಾಟಕದಲ್ಲಿ ಇಂದು ನಡೆಯುತ್ತಿರುವುದೇನು? ಶ್ರಾವಣದ ಪುರಾಣ, ಪ್ರವಚನ, ಭಜನೆ, ಜಾತ್ರೆಯ ಕರಡಿ ಮಜಲು, ಪುರವಂತರ ಒಡಪು ಇವೆಲ್ಲ ಹಬ್ಬದ ನಾದವಾಗಿದ್ದವು. ಇಂದು ಅನೇಕ ಊರುಗಳಲ್ಲಿ ಆ ಸ್ಥಾನಕ್ಕೆ ಲಾರಿಯ ಮೇಲೆ ಹೇರಿದ ಡಿಜೆ ಬಂದಿದೆ. ಭಜನೆ ನಡೆಯುವಲ್ಲಿಯೂ ಪದವನ್ನು ಅರ್ಧಕ್ಕೆ ನಿಲ್ಲಿಸಿ, ಇಂಥವರು ಇಷ್ಟು ರೂಪಾಯಿ ಕೊಟ್ಟರು ಎಂದು ಮೈಕಿನಲ್ಲಿ ಕೂಗಲಾಗುತ್ತದೆ. ಶಿವನ ಹೆಸರನ್ನು ತಡೆದು ದಾನಿಯ ಹೆಸರನ್ನು ಹೇಳುವುದು ಭಕ್ತಿಯೇ? ಹಾಗೆ ಕೂಗಿಸಿಕೊಂಡವನು ಕೊಟ್ಟದ್ದು ಕಾಣಿಕೆಯಲ್ಲ, ಹೆಸರಿಗೆ ತೆತ್ತ ಬೆಲೆ. ಬೆಲೆ ತೆತ್ತು ಸರಕು ಪಡೆದ ಮೇಲೆ ಪುಣ್ಯದ ಲೆಕ್ಕದಲ್ಲಿ ಉಳಿಯುವುದೇನು?

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವನ್ನು ಅರಿಯದ ಭಕ್ತರಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಅಕ್ಕಿ ಕದ್ದದ್ದೇನೂ ಅಲ್ಲ, ತಮಗೆಂದೇ ಕೂಡಿಟ್ಟದ್ದೂ ಅಲ್ಲ. ಆದರೂ ಅಗತ್ಯ ಮೀರಿದ್ದರಲ್ಲಿ ಆಸೆಯ ಸೋಂಕಿದೆ ಎಂದು ಆ ತಾಯಿ ಕಂಡಳು. ದಾಸೋಹದ ಪಾತ್ರೆ ಎಷ್ಟು ತುಂಬಿತು ಎಂಬುದಕ್ಕಿಂತ ಯಾವ ಭಾವದಿಂದ ತುಂಬಿತು ಎಂಬುದೇ ಅವಳ ಅಳತೆ. ಅದೇ ಅಳತೆಯಿಂದ ಅಳೆದರೆ ಇಂದಿನ ಎಷ್ಟು ದೇಣಿಗೆಗಳು ಉಳಿದಾವು?

ಕೆಲವರು ಹೇಳುವುದುಂಟು: ಸದ್ದಿಲ್ಲದಿದ್ದರೆ ಯುವಕರು ಬರುವುದಿಲ್ಲ, ಹೆಸರು ಕೂಗದಿದ್ದರೆ ಹಣ ಬರುವುದಿಲ್ಲ. ಈ ಮಾತಿಗೆ ಉತ್ತರ ಗದಗಿನಲ್ಲಿದೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅವರ ಕೃಪೆಯಲ್ಲಿ ಬೆಳೆದವರು ಪಂಚಾಕ್ಷರ ಗವಾಯಿಗಳು (1892-1944). ಹುಟ್ಟು ಕುರುಡರಾದ ಅವರು ಅಂಧ ಮತ್ತು ಬಡ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗಿ, ಹಾಡಿ, ನಾಟಕವಾಡಿ, ಬಂದುದರಲ್ಲಿ ಅವರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಹಿಂದುಸ್ತಾನಿ ಸಂಗೀತದ ಮಹಾನ್ ಗಾಯಕ ಬಸವರಾಜ ರಾಜಗುರು ಅವರ ಶಿಷ್ಯರೇ. ಅವರ ನಂತರ ಪುಟ್ಟರಾಜ ಗವಾಯಿಗಳು (1914-2010) ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತರು. ಅಲ್ಲಿ ಸಂಗೀತವೇ ಜನರನ್ನು ಕರೆಯಿತು, ಸಂಗೀತವೇ ಅನ್ನವಾಯಿತು. ಜನರನ್ನು ಸೇರಿಸಲು ಅವರಿಗೆ ಎದೆ ನಡುಗಿಸುವ ಪೆಟ್ಟಿಗೆಗಳು ಬೇಕಾಗಲಿಲ್ಲ.

ಪುಟ್ಟರಾಜರಿಗೆ ಭಕ್ತರು ನಾಣ್ಯಗಳಿಂದ ತುಲಾಭಾರ ಮಾಡಲಿಲ್ಲವೇ, ಅದು ಆಡಂಬರವಲ್ಲವೇ ಎಂದು ಕೇಳಬಹುದು. ಪ್ರಶ್ನೆ ಸರಿಯಾದುದೇ. ಆದರೆ ತಕ್ಕಡಿಯಲ್ಲಿ ಕುಳಿತವರು ಆ ನಾಣ್ಯಗಳಲ್ಲಿ ಒಂದನ್ನೂ ತಮಗೆಂದು ಇರಿಸಿಕೊಳ್ಳಲಿಲ್ಲ. ಆ ಹಣ ಆಶ್ರಮದ ಮಕ್ಕಳ ಊಟಕ್ಕೂ ಕಲಿಕೆಗೂ ಸಂದಿತು. ಸದ್ದು ಇದ್ದರೂ ಅದರ ಫಲ ಹಸಿದವನ ಎಲೆಗೆ ಬಿದ್ದಿತು. ಡಿಜೆಯ ಬಾಡಿಗೆಗೆ ಕೊಟ್ಟ ಹಣ ಯಾರ ಎಲೆಗೆ ಬೀಳುತ್ತದೆ?

ನೆಲದ ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕಿರುವ ನಿಷೇಧವನ್ನು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು. ಆದರೆ ಭಕ್ತರಿಗೆ ಕೋರ್ಟಿನ ಅಂಜಿಕೆಯೇ ಬೇಕೇ? ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಮುದುಕಿ, ಪರೀಕ್ಷೆಗೆ ಓದುವ ಮಗು ಇವರೂ ಜಂಗಮವೇ ಅಲ್ಲವೇ? ಒಂದು ಕಡೆ ಜಂಗಮಕ್ಕೆ ಉಣಬಡಿಸಿ, ಇನ್ನೊಂದು ಕಡೆ ಜಂಗಮದ ನಿದ್ದೆ ಕಸಿಯುವುದು ಎಂಥ ದಾಸೋಹ?

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ನದೀತೀರದ ಹಳ್ಳಿಗಳಿಗೆ ನೀರು ನುಗ್ಗಿತು. ಆಗ ಉತ್ತರ ಕರ್ನಾಟಕದ ನೆರೆಪೀಡಿತರಿಗೆಂದು ಮನೆಮನೆಗಳಲ್ಲಿ ರೊಟ್ಟಿ ಬಡಿದು ಕಳುಹಿಸಿದರು. ಆ ರೊಟ್ಟಿ ಬಡಿದ ತಾಯಂದಿರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಹಸಿದವರು ಯಾರ ರೊಟ್ಟಿ ಎಂದು ಕೇಳಲಿಲ್ಲ, ಕೊಟ್ಟವರು ಯಾರು ಉಂಡರು ಎಂದು ಕೇಳಲಿಲ್ಲ. ಶರಣರು ಹೇಳಿದ ದಾಸೋಹವೆಂದರೆ ಇದೇ. ಅದು ಮಾಡಲಾಗದ್ದೇನೂ ಅಲ್ಲ. ಇದೇ ನಾಡಿನ ಜನ ಮಾಡಿ ತೋರಿಸಿದ್ದಾರೆ.

ಆದ್ದರಿಂದ ಹಬ್ಬದ ಹೊಣೆ ಹೊತ್ತವರು ಮೂರು ಕಾರ್ಯಗಳನ್ನು ಕೈಗೊಳ್ಳಬೇಕು. ಡಿಜೆಯ ಬಾಡಿಗೆಯನ್ನು ಉಳಿಸಿ, ಅದರಲ್ಲಿ ಒಂದು ಪಾಲನ್ನು ಭಜನೆಯವರಿಗೂ ಕರಡಿ ಮಜಲಿನವರಿಗೂ ಗೌರವದಿಂದ ಕೊಟ್ಟು, ಉಳಿದುದನ್ನು ಬಡಮಕ್ಕಳ ವಿದ್ಯೆಗೆ ಸಲ್ಲಿಸಬೇಕು. ಬಂದ ದೇಣಿಗೆಯ ಲೆಕ್ಕವನ್ನು ಚೊಕ್ಕವಾಗಿ ಬರೆದು ಗೋಡೆಗೆ ಅಂಟಿಸಬೇಕು, ಮೈಕಿನಲ್ಲಿ ಕೂಗಬಾರದು. ಪಡೆಯುವವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವ ರೂಢಿಯನ್ನು ಬಿಡಬೇಕು. ಪುಸ್ತಕಕ್ಕಾಗಿ ಕೈಯೊಡ್ಡಿದ ಮಗುವಿನ ಮುಖ ಪತ್ರಿಕೆಯಲ್ಲಿ ಬಂದರೆ, ಅದು ಮರುದಿನ ಶಾಲೆಯಲ್ಲಿ ತಲೆಯೆತ್ತಿ ಕೂಡುವುದು ಕಷ್ಟ. ಇಷ್ಟು ಮಾಡಿದರೆ ಹಬ್ಬದ ಸಂಭ್ರಮವೇನೂ ಕುಗ್ಗುವುದಿಲ್ಲ. ತಾಳ-ದಮ್ಮಡಿಗಳ ನಾದ ಮತ್ತೆ ಕಿವಿಗೆ ಬೀಳುತ್ತದೆ. ಕೊಟ್ಟ ಕೈ ಯಾರದೆಂದು ತಿಳಿಯದೆಯೇ ಊರಿನ ಮಕ್ಕಳು ಉಂಡು ಓದುತ್ತಾರೆ.