ನೀರು ಕುಡಿಯದ ಮರಿಗೆ ಉಪ್ಪುನೀರು ಹುಯ್ಯಬೇಡಿ

ನಮ್ಮ ತೋಟದ ನಾಯಿಮರಿ ಕರಿಯನಿಗೆ ಆಗ ನಾಲ್ಕು ತಿಂಗಳು. ಏಪ್ರಿಲ್ ಬಿಸಿಲಲ್ಲಿ ದೊಡ್ಡ ನಾಯಿಗಳೆಲ್ಲ ಡ್ರಿಪ್ ಪೈಪಿಗೆ ಬಾಯಿ ಹಾಕ್ತಿದ್ರೆ, ಇವನು ಮುಂದೆ ಬೋಗುಣಿ ಇಟ್ಟರೂ ನೀರು ಮುಟ್ಟುತ್ತಿರಲಿಲ್ಲ. ಮಂಕಾದ, ತೂರಾಡಿದ, ಒಂದು ಬೆಳಿಗ್ಗೆ ಫಿಟ್ಸ್ ಬಂತು.

"ನೀರು ಕಂಡ್ರೆ ಆಗಲ್ಲ, ಹುಚ್ಚೇ ಹಿಡಿದಿರೋದು, ಮುಗಿಸಿಬಿಡಿ" ಅಂದ್ರು ಪಕ್ಕದ ತೋಟದವರು. ಇನ್ನೊಬ್ಬರು "ವಿಷ ತಿಂದಿದೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ" ಅಂತ ವಾಟ್ಸಾಪ್ ವಿಡಿಯೊ ತೋರಿಸಿದ್ರು. ನಾನೂ ಲೋಟದಲ್ಲಿ ಉಪ್ಪು ಕಲಸಿದ್ದೆ. ಕುಡಿಸುವ ಮೊದಲು ಪಶುವೈದ್ಯರಿಗೆ ಫೋನ್ ಮಾಡಿದ್ದು ಪುಣ್ಯ. "ಏನೂ ಕುಡಿಸಬೇಡಿ. ಬರಿಗೈಲಿ ಮುಟ್ಟದೆ ಬುಟ್ಟಿಲಿ ಮುಚ್ಚಿ ತನ್ನಿ" ಅಂದ್ರು.

ರಕ್ತಪರೀಕ್ಷೆಯಲ್ಲಿ ಸೋಡಿಯಂ ಲೀಟರಿಗೆ 178 ಮಿಲಿಮೋಲ್ ಬಂತು. ನಾಯಿಗೆ ಸುಮಾರು 140ರಿಂದ 155 ಇರಬೇಕು. ಚೌಳು ಮಣ್ಣು ಬೇರಿನ ನೀರನ್ನೇ ಹೊರಗೆಳೆಯೋದು ನಮಗೆ ಗೊತ್ತು. ರಕ್ತದಲ್ಲಿ ಸೋಡಿಯಂ ಏರಿದರೂ ಅದೇ ಕತೆ, ಮೆದುಳಿನ ಜೀವಕೋಶಗಳ ನೀರು ಹೊರಹೋಗಿ ಅವು ಕುಗ್ಗುತ್ತವೆ. ಫಿಟ್ಸ್ ಬಂದಿದ್ದು ಅದಕ್ಕೇ. ಆ ಲೋಟದ ಉಪ್ಪುನೀರು ಹುಯ್ದಿದ್ದರೆ ಕರಿಯ ಉಳಿಯೋದು ಕಷ್ಟವಿತ್ತು.

ಭೇದಿ, ಮೂತ್ರಪಿಂಡದ ತೊಂದರೆ ಇಲ್ಲ ಅಂತ ನೋಡಿಕೊಂಡ ಮೇಲೆ ವೈದ್ಯರು ಹೇಳಿದ ಅನುಮಾನ ಇದು: ಬಾಯಾರಿಕೆ ಹುಟ್ಟೋದು ಮೆದುಳಿನ ಹೈಪೋಥಲಾಮಸ್ ಭಾಗದಲ್ಲಿ. ಕೆಲವು ಮರಿಗಳಿಗೆ ತಾಯಿ ಹೊಟ್ಟೆಯಲ್ಲೇ ಮೆದುಳಿನ ಮುಂಭಾಗ ಸರಿಯಾಗಿ ರೂಪುಗೊಂಡಿರಲ್ಲ, ಎರಡು ಹೋಳು ಪೂರ್ತಿ ಬೇರೆಯಾಗಿರಲ್ಲ. ಅಂಥ ಮರಿಗೆ ದಾಹವೇ ಆಗದಿರಬಹುದು. ಮಿನಿಯೇಚರ್ ಶ್ನಾಜರ್ ತಳಿಯಲ್ಲಿ ಇದು ಹೆಚ್ಚು ಕಂಡುಬಂದಿದೆ, ಬೇರೆ ನಾಯಿಗಳಲ್ಲೂ ಉಂಟು. ಖಚಿತವಾಗಲು ಎಂಆರ್‌ಐ ಬೇಕು. ಆ ಖರ್ಚು ನನ್ನ ಕೈಮೀರಿದ್ದು, ಮಾಡಿಸಿಲ್ಲ.

ಚಿಕಿತ್ಸೆಯಲ್ಲೂ ಆತುರ ಸಲ್ಲ. ಹಲವು ದಿನಗಳಿಂದ ಏರಿದ ಸೋಡಿಯಂ ಅನ್ನು ದಿನಕ್ಕೆ 10–12ರಷ್ಟು ಮಾತ್ರ ಇಳಿಸಬೇಕು. ಒಮ್ಮೆಲೇ ಇಳಿಸಿದರೆ ಮೆದುಳು ಊದಿಕೊಳ್ಳುತ್ತೆ. ಹಾಗಾಗಿ ಮನೆಯಲ್ಲಿ ಒತ್ತಾಯದಿಂದ ನೀರು ತುಂಬಿಸೋದೂ ತಪ್ಪು.

ಹುಚ್ಚಿನ ಭಯ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ ನೀರಿನ ಭಯ ಮನುಷ್ಯರಲ್ಲಿ ಕಾಣುವ ರೇಬಿಸ್ ಲಕ್ಷಣ. ನಾಯಿಗೆ ಗಂಟಲಿನ ಸ್ನಾಯು ಸೋತು ನುಂಗಲು ಆಗಲ್ಲ, ಜೊಲ್ಲು ಸುರಿಯುತ್ತೆ. ಅನುಮಾನವಿದ್ದರೆ ಮುಟ್ಟಬೇಡಿ, ವೈದ್ಯರನ್ನು ಕರೆಯಿರಿ. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಲಸಿಕೆ ಹಾಕಿಸಿ.

ಎಲೆ ತುದಿ ಒಣಗಿದ ತಕ್ಷಣ ಗೊಬ್ಬರ ಸುರಿಯಬೇಡಿ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಅಂತ ಊರೆಲ್ಲ ಹೇಳುವವನು ನಾನು. ಮರಿಯ ವಿಷಯ ಬಂದಾಗ ನಾನೇ ಉಪ್ಪಿನ ಡಬ್ಬಿಗೆ ಕೈ ಹಾಕಿದೆ. ತೋಟ ಕಾಯುವ ಪ್ರಾಣಿಗೆ ಒಂದು ರಕ್ತಪರೀಕ್ಷೆ ಮಾಡಿಸದೆ ಹುಚ್ಚು, ವಿಷ ಅಂತ ತೀರ್ಪು ಕೊಡುವ ಹಕ್ಕು ನಮಗಿಲ್ಲ.

ಕರಿಯನಿಗೆ ಈಗಲೂ ಬಾಯಾರಿಕೆ ಆಗಲ್ಲ. ಉಪ್ಪಿಲ್ಲದ ರಾಗಿ ಗಂಜಿಗೆ ವೈದ್ಯರು ಹೇಳಿದಷ್ಟು ನೀರು ಅಳೆದು ಬೆರೆಸಿ ಕೊಡ್ತೀನಿ. ದಿನಕ್ಕೆ ಮೂರು ಸಲ ಮೊಬೈಲ್ ಅಲಾರಂ ಹೊಡೆಯುತ್ತೆ. ಮನೆಯಲ್ಲಿ ಯಾರೇ ಇದ್ದರೂ ಎದ್ದು ಹೋಗ್ತಾರೆ.