ಅಂಗಡಿ ಮುಚ್ಚಿದರೂ ಮುಚ್ಚದ ಲೆಕ್ಕ

ಯಾರ ಕೈಕೆಳಗೂ ಇಲ್ಲದೆ ನಾಲ್ಕು ಕಾಸು ಸಂಪಾದಿಸುವವರೆಂದರೆ ನಮ್ಮ ಊರುಗಳಲ್ಲಿ ಗೌರವ. ಸರ್ಕಾರಗಳೂ ನಿರುದ್ಯೋಗಕ್ಕೆ ಸ್ವಂತ ಉದ್ಯೋಗವೇ ಮದ್ದೆಂದು ಸಾಲಮೇಳ ನಡೆಸುತ್ತಾ ಬಂದಿವೆ. 2023-24ರ ಕಾರ್ಮಿಕ ಬಲ ಸಮೀಕ್ಷೆಯಂತೆ ದೇಶದಲ್ಲಿ ದುಡಿಯುವವರ ಪೈಕಿ ಶೇ 58.4ರಷ್ಟು ಮಂದಿ ಸ್ವಂತ ಉದ್ಯೋಗದಲ್ಲಿದ್ದಾರೆ. ಅವರಲ್ಲಿ ಮೂರನೇ ಒಂದು ಪಾಲು ಮನೆಯದೇ ಅಂಗಡಿ, ಹೊಲಗಳಲ್ಲಿ ಕೂಲಿಯಿಲ್ಲದೆ ಕೈಜೋಡಿಸುವವರು. ಇಷ್ಟು ದೊಡ್ಡ ಸಮೂಹದ ಮನಸ್ಸಿನ ನೆಮ್ಮದಿ ಮಾತ್ರ ಯಾವ ಬಜೆಟ್ಟಿನ ಚರ್ಚೆಯಲ್ಲೂ ಕಾಣಿಸುವುದಿಲ್ಲ. ಈ ನೆಮ್ಮದಿಯನ್ನು ಕೆಡಿಸುತ್ತಿರುವುದು ದುಡಿಮೆಯ ಕಷ್ಟಕ್ಕಿಂತ ಹೆಚ್ಚಾಗಿ, ನಷ್ಟವನ್ನು ಒಬ್ಬರೇ ಹೊರಬೇಕಾದ ವ್ಯವಸ್ಥೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅಂಕಿಅಂಶಗಳನ್ನು ನೋಡಿ. 2020ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಸ್ವಂತ ಉದ್ಯೋಗಿಗಳು 17,332, ಮರುವರ್ಷ 20,231. ಆ ವರ್ಷ ದೇಶದ ಒಟ್ಟು ಆತ್ಮಹತ್ಯೆಗಳು ಶೇ 7ರಷ್ಟು ಹೆಚ್ಚಿದರೆ, ಇವರಲ್ಲಿ ಏರಿಕೆ ಶೇ 16ನ್ನು ದಾಟಿತು. ಒಂದು ಸಾವಿಗೆ ಹಲವು ಕಾರಣಗಳಿರುತ್ತವೆ, ಒಂದೇ ವರ್ಷದ ಎಣಿಕೆಯಿಂದ ತೀರ್ಮಾನ ಕೊಡಲಾಗದು ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಅದು ಲಾಕ್‌ಡೌನ್‌ಗಳಿಂದ ವ್ಯಾಪಾರ ನೆಲಕಚ್ಚಿದ್ದ ಕಾಲ. ಅಂಗಡಿ ಮುಚ್ಚಿದ್ದರೂ ಬಾಡಿಗೆ, ಕೈಸಾಲದ ಬಡ್ಡಿ, ಸಂಘದ ವಾರದ ಕಂತು ನಿಲ್ಲಲಿಲ್ಲ. ಆಘಾತವನ್ನು ಹಂಚಿಕೊಳ್ಳಲು ಯಾರೂ ಇಲ್ಲದವರಲ್ಲೇ ಏರಿಕೆ ಇಷ್ಟು ತೀವ್ರವಾದುದನ್ನು ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ.

ಸ್ವಂತ ಉದ್ಯೋಗ ತೃಪ್ತಿ ತರುತ್ತದೆ ಎನ್ನುವವರ ಬಳಿಯೂ ಪುರಾವೆ ಇದೆ. ಸಂಬಳದವರಿಗಿಂತ ಸ್ವತಂತ್ರವಾಗಿ ದುಡಿಯುವವರು ತಮ್ಮ ಕೆಲಸದ ಬಗ್ಗೆ ಹೆಚ್ಚು ಸಂತೋಷ ಹೇಳಿಕೊಳ್ಳುತ್ತಾರೆಂದು ಅರ್ಥಶಾಸ್ತ್ರಜ್ಞರಾದ ಬೆಂಜ್ ಮತ್ತು ಫ್ರೇ 2008ರಲ್ಲಿ ತೋರಿಸಿದ್ದರು. ಅವರು ನೋಡಿದ್ದು ಯುರೋಪಿನಂಥ ಕಡೆಯ ಜನರನ್ನು. ಅಲ್ಲಿ ಕಾಯಿಲೆ ಬಿದ್ದವರು ಬೀದಿಗೆ ಬೀಳದಂತೆ ತಡೆಯುವ ವ್ಯವಸ್ಥೆ ನಮ್ಮಲ್ಲಿಗಿಂತ ಎಷ್ಟೋ ಗಟ್ಟಿ. ನಮ್ಮಲ್ಲಿ ಬೇರೆ ಕೆಲಸ ಸಿಗದೆ ತಳ್ಳುಗಾಡಿ ಹಿಡಿದವರೂ ಸ್ವಂತ ಉದ್ಯೋಗಿಗಳೇ. ಇಎಸ್‌ಐ ಇರುವ ಗಾರ್ಮೆಂಟ್ಸ್ ಕಾರ್ಮಿಕರಿಗೆ ಕಾಯಿಲೆಯಾದರೆ ವರ್ಷದಲ್ಲಿ 91 ದಿನಗಳವರೆಗೆ ಶೇ 70ರಷ್ಟು ಸಂಬಳ ಸಿಗುತ್ತದೆ. ಅದೇ ಬೀದಿಯ ಟೈಲರ್‌ಗೆ ಡೆಂಗಿ ಬಂದರೆ ಮಲಗಿದಷ್ಟು ದಿನವೂ ಗಲ್ಲಾಪೆಟ್ಟಿಗೆ ಖಾಲಿ. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಯ ಖರ್ಚು ನೋಡಿಕೊಂಡೀತು, ನಿಂತ ಸಂಪಾದನೆಯನ್ನಲ್ಲ. ಜ್ವರಕ್ಕಿಂತ ಮೊದಲು ಕಂತಿನ ಚಿಂತೆ ಕಾಡುವ ಮನುಷ್ಯನಿಗೆ ಧೈರ್ಯ ತಂದುಕೋ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಲಾಭ ಅವರದಾದರೆ ನಷ್ಟವೂ ಅವರದೇ ಅಲ್ಲವೇ ಎಂದು ಕೇಳಬಹುದು. ಸರಕಿನ ಬೆಲೆ ತಪ್ಪಾಗಿ ಅಂದಾಜಿಸಿದರೆ ನಷ್ಟ ಅವರದೇ, ಒಪ್ಪೋಣ. ಕಾಯಿಲೆ, ಹೆರಿಗೆ, ಸರ್ಕಾರವೇ ಹೇರಿದ ಲಾಕ್‌ಡೌನ್ ವ್ಯಾಪಾರದ ಲೆಕ್ಕಾಚಾರಕ್ಕೆ ಸೇರಿದವಲ್ಲ. ಸಾಲ ಕೊಡಿಸುವ ಯೋಜನೆಗಳ ಜೊತೆಯಲ್ಲೇ ಕಾಯಿಲೆಯ ದಿನಗಳಿಗೆ ಆದಾಯ ಭದ್ರತೆಯೂ ಬರಬೇಕು. ಅದಕ್ಕೆ ಸ್ವಲ್ಪ ವಂತಿಗೆ ದುಡಿಯುವವರು ಕೊಡಲಿ, ಉಳಿದದ್ದನ್ನು ಸರ್ಕಾರ ಹಾಕಲಿ. ರಾಜ್ಯದ ಮುಂದಿನ ಬಜೆಟ್ಟಿನಲ್ಲೇ ಇದಕ್ಕೆ ಹಣ ತೆಗೆದಿಡಲಿ.

ಅಲ್ಲಿಯವರೆಗೆ, ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕುತ್ತಿರುವವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.