ಗೈಡಿನ ಸಾರಾಂಶದಿಂದ ಕನ್ನಡ ಉಳಿಯುವುದಿಲ್ಲ!



ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು 1981ರಲ್ಲಿ ಗೋಕಾಕ್ ವರದಿ ಹೇಳಿತು. ಅದರ ಜಾರಿಗಾಗಿ 1982ರಲ್ಲಿ ಡಾ. ರಾಜ್‌ಕುಮಾರ್ ಮುಂದಾಳತ್ವದಲ್ಲಿ ನಾಡೇ ಬೀದಿಗಿಳಿಯಿತು. ಅಂಕಕ್ಕಾಗಿ ಹೋರಾಡಿದ್ದು ಸರಿ. ಆದರೆ ಆ ಅಂಕ ಗಳಿಸಲು ನಮ್ಮ ಮಕ್ಕಳು ಕಲಿಯುತ್ತಿರುವುದೇನು? ಎಂದಾದರೂ ಕೇಳಿದ್ದೇವೆಯೇ?

ಹತ್ತನೇ ತರಗತಿಯ ಹುಡುಗನೊಬ್ಬನನ್ನು ನಿಲ್ಲಿಸಿ ಬೇಂದ್ರೆಯವರ ಹಕ್ಕಿ ಪದ್ಯದ ಬಗ್ಗೆ ಕೇಳಿ ನೋಡಿ. ‘ಹಕ್ಕಿ ಎಂದರೆ ಕಾಲ’ ಎಂದು ಥಟ್ಟನೆ ಹೇಳುತ್ತಾನೆ. ಅದು ಹೇಗೆ ಗೊತ್ತಾಯಿತಪ್ಪಾ? ಪದ್ಯದ ಯಾವ ಮಾತು ನಿನಗೆ ಹಾಗೆ ಹೇಳಿತು? ಕಾಲವನ್ನು ಹೊಳೆ ಎನ್ನದೆ, ಗಾಲಿ ಎನ್ನದೆ ಹಕ್ಕಿ ಎಂದೇಕೆ ಅಂದರು? ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ತಪ್ಪು ಅವನದಲ್ಲ. ಗೈಡಿನಲ್ಲಿ ಇದ್ದದ್ದೇ ಅಷ್ಟು!

ನಾನು ಅಚ್ಚುಕೂಟ ನಡೆಸುವವನು. ಒಂದು ಪ್ಲೇಟಿನಿಂದ ಸಾವಿರ ಹಾಳೆ ತೆಗೆದರೆ ಸಾವಿರವೂ ಒಂದೇ ತರಹ ಬರಬೇಕು, ಅದು ನನ್ನ ಕಸುಬು. ಆದರೆ ಸಾವಿರ ಮಕ್ಕಳ ಉತ್ತರ ಒಂದೇ ತರಹ ಬಂದರೆ ಅದಕ್ಕೆ ಪಾಠ ಎನ್ನಬೇಕೋ, ಅಚ್ಚು ಹೊಡೆಯುವುದು ಎನ್ನಬೇಕೋ? ನೀವೇ ಹೇಳಿ.

ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವುದು ಮಕ್ಕಳಿಗೆ ಬರುತ್ತದೆ. ನಾಲ್ಕು ಸಾಲಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ 23 ಎಂದು ಲೆಕ್ಕ ಒಪ್ಪಿಸುತ್ತಾರೆ. ಆದರೆ ಕುಮಾರವ್ಯಾಸನನ್ನು ಗಟ್ಟಿಯಾಗಿ ಓದಿಸಿ, ಆ ಉದ್ದ ಸಾಲಿನ ಕೊನೆಗೆ ದನಿ ಎಲ್ಲಿ ನಿಲ್ಲುತ್ತದೆ ಎಂದು ಕೇಳುವವರೆಷ್ಟು ಮಂದಿ? ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಪ್ರಸಂಗವನ್ನೇ ತೆಗೆದುಕೊಳ್ಳಿ. ಕೃಷ್ಣನದು ಪ್ರೀತಿಯೋ, ತಂತ್ರವೋ? ಯಾವ ಪದ ನೋಡಿ ಹಾಗೆ ಹೇಳುತ್ತೀ? ಈ ಎರಡು ಪ್ರಶ್ನೆ ಸಾಕು, ಇಡೀ ತರಗತಿ ಎದ್ದು ಕೂರುತ್ತದೆ!

ಕಥೆಯ ಪಾಡೂ ಇದೇ. ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಓದಿದ್ದೀರಲ್ಲ? ಅತ್ತೆ ಮಂಗಮ್ಮ ಮೊಸರು ಕೊಳ್ಳುವ ಮನೆಯಾಕೆಯ ಮುಂದೆ ಸೊಸೆಯ ದೂರು ಹೇಳುತ್ತಾಳೆ. ನಾವು ಅತ್ತೆಯ ಕಡೆ ವಾಲುತ್ತೇವೆ. ಆಮೇಲೆ ಸೊಸೆಯ ಮಾತು ಕೇಳಿದರೆ ಅವಳದೂ ಒಂದು ನ್ಯಾಯ! ಮಾಸ್ತಿ ಒಬ್ಬರ ಮಾತನ್ನು ಮೊದಲಿಟ್ಟು ಇನ್ನೊಬ್ಬರದನ್ನು ಆಮೇಲೆ ಇಟ್ಟರೇಕೆ? ಕಥೆ ಹೇಳುತ್ತಿರುವವರು ಯಾರು? ತರಗತಿಯಲ್ಲಿ ಪಂಚಾಯ್ತಿ ಕೂಡಿಸಿ, ಅರ್ಧ ಮಕ್ಕಳು ಅತ್ತೆಯ ಕಡೆ, ಅರ್ಧ ಸೊಸೆಯ ಕಡೆ ವಾದ ಮಾಡಲಿ. ಒಂದೇ ಷರತ್ತು: ಪ್ರತಿ ಮಾತಿಗೂ ಕಥೆಯೊಳಗಿನಿಂದಲೇ ಸಾಕ್ಷಿ ತರಬೇಕು. ವಿಮರ್ಶೆ ಎಂದರೆ ಇದೇ, ಬೇರೆ ಬ್ರಹ್ಮವಿದ್ಯೆ ಏನೂ ಅಲ್ಲ.

‘ಪೋರ್ಷನ್ ಮುಗಿಸಬೇಕು, ರಿಸಲ್ಟ್ ಕೊಡಬೇಕು, ಇದಕ್ಕೆಲ್ಲ ಪುರುಸೊತ್ತೆಲ್ಲಿ?’ ಎನ್ನುತ್ತಾರೆ ಮೇಷ್ಟರು. ಅವರ ಕಷ್ಟ ಸುಳ್ಳಲ್ಲ. ಪರೀಕ್ಷೆ ಕೇಳುವುದನ್ನೇ ಮೇಷ್ಟರು ಕಲಿಸುತ್ತಾರೆ. ಆದ್ದರಿಂದ ಬದಲಾಗಬೇಕಾದ್ದು ಪ್ರಶ್ನೆಪತ್ರಿಕೆ. ಪಠ್ಯದಲ್ಲಿಲ್ಲದ ಎಂಟು ಸಾಲಿನ ಪದ್ಯ ಕೊಡಲಿ, ಅರ್ಧ ಪುಟದ ಕಥೆ ಕೊಡಲಿ. ‘ನಿನಗೇನು ತೋಚಿತು, ಏಕೆ ತೋಚಿತು?’ ಎಂದು ಕೇಳಲಿ. ಉತ್ತರ ಮೇಷ್ಟರ ಅಭಿಪ್ರಾಯಕ್ಕೆ ಹೊಂದದಿದ್ದರೂ ಕಾರಣ ಗಟ್ಟಿಯಿದ್ದರೆ ಪೂರ್ತಿ ಅಂಕ ಕೊಡಲಿ. ಅಂಥ ಪ್ರಶ್ನೆಗೆ ಯಾವ ಗೈಡೂ ಉತ್ತರ ಅಚ್ಚು ಹಾಕಲಾರದು!

ಪದ್ಯದಲ್ಲಿ ಹೇಳದೆ ಬಿಟ್ಟ ಮಾತನ್ನು ಹಿಡಿಯಬಲ್ಲ ಮಗು ನಾಳೆ ಸರ್ಕಾರಿ ಆದೇಶದಲ್ಲಿ ಬಿಟ್ಟ ಮಾತನ್ನೂ ಹಿಡಿಯುತ್ತದೆ. ಪುಢಾರಿಯ ಭಾಷಣದಲ್ಲಿ ಎಷ್ಟು ಕಾಳು, ಎಷ್ಟು ಜೊಳ್ಳು ಎಂದು ತೂರಿ ನೋಡುತ್ತದೆ. ಬಾಯಿಪಾಠ ಮಾಡಿದ ಮಗುವಿಗೆ ಪರೀಕ್ಷೆ ಮುಗಿದ ಮರುದಿನವೇ ಕನ್ನಡವೂ ಮುಗಿಯುತ್ತದೆ. ಅಂಥವರ ಕೈಗೆ ಭಾಷೆ ಒಪ್ಪಿಸಿ ಬಾವುಟ ಹಿಡಿದರೆ ಏನು ಬಂತು?

ತಂದೆ ತಾಯಂದಿರೇ, ಇಂದು ರಾತ್ರಿ ಊಟವಾದ ಮೇಲೆ ಮಗುವಿನ ಕನ್ನಡ ಪುಸ್ತಕ ತೆಗೆಸಿ. ಒಂದು ಪದ್ಯ ಗಟ್ಟಿಯಾಗಿ ಓದಿಸಿ. ಅರ್ಥ ಕೇಳಬೇಡಿ, ‘ಯಾವ ಮಾತು ಹಿಡಿಸಿತು, ಏಕೆ?’ ಎಂದು ಕೇಳಿ. ಮುಂದಿನ ಪೋಷಕರ ಸಭೆಯಲ್ಲಿ ಅದೇ ಪ್ರಶ್ನೆಯನ್ನು ಶಾಲೆಯವರಿಗೂ ಹಾಕಿ. ಕನ್ನಡಕ್ಕೆ ಅಂಕ ಕೇಳಿ ಪಡೆದ ನಾಡು ಇದು. ಇನ್ನು ಅರಿವನ್ನೂ ಕೇಳಿ ಪಡೆಯೋಣ!